ಚಕ್ರವರ್ತಿ ದಾಟದ ವರ್ಷ

ಬಹುಕಾಲ ಆಳುವ ದೊರೆಗೆ ವಿಧಿ ಒಂದು ಶಿಕ್ಷೆಯನ್ನು ಮೀಸಲಿಟ್ಟಿರುತ್ತದೆ: ತನ್ನವರೆಲ್ಲ ಒಬ್ಬೊಬ್ಬರಾಗಿ ಹೋಗುವುದನ್ನು ಅವನು ಸಿಂಹಾಸನದ ಮೇಲೆ ಕೂತು ನೋಡಬೇಕು. ಈ ವಾಕ್ಯವನ್ನು ಬರೆದು, ಅದರ ಗಾಂಭೀರ್ಯಕ್ಕೆ ನಾನೇ ತಲೆದೂಗುತ್ತಿದ್ದಾಗ ಅಡುಗೆಮನೆಯಿಂದ ಬಾರ್ಲಿ ಸೀದ ವಾಸನೆ ಬಂತು. ಬಾರ್ಲಿ ನೀರು ಕುಡಿಯಬೇಕೆಂದು ಡಾಕ್ಟರು ಹೇಳಿದ್ದಾರೆ. ಕಾರಣ ನನ್ನ ಕಿಡ್ನಿಯಲ್ಲಿರುವ ಒಂದು ಕಲ್ಲು. ಅದಕ್ಕೂ ಸಾಮ್ರಾಜ್ಯಗಳ ಏಳುಬೀಳಿಗೂ ಸಂಬಂಧವಿಲ್ಲ. ಹೆಂಡತಿ ಶಾರದಾ ಬಾಣಲೆಯಲ್ಲಿ ಬಾರ್ಲಿ ಹುರಿಯಲು ಹಾಕಿ ಫೋನಿನಲ್ಲಿ ತನ್ನ ಅಕ್ಕನ ಜೊತೆ ಮಾತಿಗೆ ನಿಂತಿದ್ದಳು. ಕಾಳು ಕಂದು ದಾಟಿ ಕಪ್ಪಿಗೆ ತಿರುಗಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬೆಂಗಳೂರಿನ ಫ್ಲ್ಯಾಟಿನಲ್ಲಿ ಇರಲಿಲ್ಲ. ಜಪಾನಿನ ಗ್ಯೋಟೋಕುವಿನ ಸಮುದಾಯ ಭವನದ ಮೇಲಿನ ಕೋಣೆಯಲ್ಲಿ, ಚಾಪೆಯ ಮೇಲೆ, ಎರಡೂ ಕಾಲು ಜೋಮು ಹಿಡಿಸಿಕೊಂಡು ಕೂತಿದ್ದೆ. ಬೇಸಿಗೆಯುದ್ದಕ್ಕೂ ಅಲ್ಲಿ ಹುರಿದ ಬಾರ್ಲಿಯ ತಣ್ಣನೆಯ ಕಷಾಯವನ್ನೇ ಚಹಾ ಎಂದು ಕೊಡುತ್ತಿದ್ದರು.

ಕೆಲವು ವರ್ಷಗಳ ಹಿಂದೆ ಕಂಪನಿಯವರು, ಮೊದಲು ತಕ್ಕಮಟ್ಟಿಗೆ ಜಪಾನೀ ಕಲಿಸಿ, ನನ್ನನ್ನು ಒಂದು ವರ್ಷದ ಮಟ್ಟಿಗೆ ಟೋಕಿಯೋಗೆ ಕಳಿಸಿದ್ದರು. ಗ್ಯೋಟೋಕುವಿನಲ್ಲಿ ಮನೆ. ಬೆಳಿಗ್ಗೆ ತೋಝಾಯ್ ಲೈನಿನ ರೈಲು; ಮನುಷ್ಯನಾದವನು ತನ್ನ ಘನತೆಯನ್ನು ಪ್ಲಾಟ್‌ಫಾರಮ್ಮಿನಲ್ಲೇ ಇಟ್ಟು ಹತ್ತಬೇಕಾದಂಥದ್ದು. ಶಾರದಾ ಸಮುದಾಯ ಭವನದಲ್ಲಿ ಜಪಾನೀ ಕಲಿಯಲು ಸೇರಿಕೊಂಡಳು. ಅಲ್ಲಿ ಅವಳಿಗೆ ಓನೋ-ಸಾನ್, ಅಂದರೆ ಓನೋ ಅವರು, ಎಂಬ ವೃದ್ಧೆಯ ಪರಿಚಯವಾಯಿತು. ಮೇ ತಿಂಗಳ ಒಂದು ಸಂಜೆ ನಾನು ಆಫೀಸಿನಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ತೀರ್ಪು ಹೊರಬಿತ್ತು.

"ರೀ, ಶನಿವಾರಕ್ಕೆ ನಿಮ್ಮ ಹೆಸರು ಕೊಟ್ಟಿದೀನಿ."

"ಯಾತಕ್ಕೆ?"

"ಅದ್ಯಾರೋ ಯೂರೋಪಿನ ಕಿಂಗ್ ಬಗ್ಗೆ ಓದ್ತಾರಂತೆ. ಎಲ್ಲಾ ರಿಟೈರ್ಡ್ ಜನ, ನಿಧಾನಕ್ಕೆ ಮಾತಾಡ್ತಾರೆ. ನೀವು ಹೆಂಗೂ ಹುಟ್ಟಿದಾಗಿಂದ ರಿಟೈರ್ಡೇ. ಸೆಟ್ ಆಗುತ್ತೆ."

ಆ ಕಿಂಗ್ ಯಾರೆಂದರೆ ಆಸ್ಟ್ರಿಯಾದ ಚಕ್ರವರ್ತಿ ಫ್ರಾನ್ಸ್ ಜೋಸೆಫ್. ಆತನ ಬಗ್ಗೆ ನನಗೆ ತಿಳಿದಿದ್ದುದು ಹೈಸ್ಕೂಲಿನ ಒಂದು ವಾಕ್ಯ: ಅವನ ತಮ್ಮನ ಮಗನನ್ನು ಯಾರೋ ಗುಂಡಿಟ್ಟು ಕೊಂದರು, ಮೊದಲ ಮಹಾಯುದ್ಧ ಶುರುವಾಯಿತು. ಎರಡು ಅಂಕದ ಪ್ರಶ್ನೆ. ಎರಡು ಅಂಕದ ಆ ಮನುಷ್ಯ ಅರವತ್ತೆಂಟು ವರ್ಷ ಆಳಿದ್ದ ಎಂಬುದು ನನಗೆ ಗ್ಯೋಟೋಕುವಿನಲ್ಲಿ ಗೊತ್ತಾಯಿತು.

ಆ ಓದು ಬಳಗದ ಮುಖ್ಯಸ್ಥರು ಮೊರಿತಾ-ಸಾನ್. ಎಂಬತ್ತು ದಾಟಿದವರು, ಕಡ್ಡಿಯಂಥ ಬೆನ್ನು. ಯಾವುದೋ ಕಾರ್ಖಾನೆಯ ಆಡಳಿತ ವಿಭಾಗದಲ್ಲಿ ಆಯುಷ್ಯ ಕಳೆದು, ನಿವೃತ್ತರಾದ ಮೇಲೆ ಜರ್ಮನ್ ಕಲಿತವರು. ಸುಮಾರು ಹತ್ತು ವರ್ಷದ ಹಿಂದೆ ಈ ಬಳಗ ಕಟ್ಟಿದ್ದರು. ಓದುವ ಕ್ರಮ ಅವರದೇ: ತಿಂಗಳ ಎರಡನೆಯ ಶನಿವಾರ ಒಂದು ಸಭೆ; ಒಂದು ಸಭೆಗೆ ಆಳ್ವಿಕೆಯ ಒಂದು ವರ್ಷ. ಹೆಚ್ಚಿಲ್ಲ, ಕಮ್ಮಿಯಿಲ್ಲ. ಜಪಾನಿನವರಿಗೆ ಇದು ಸಹಜ. ಅವರು ಇವತ್ತಿಗೂ ದೊರೆಯ ಆಳ್ವಿಕೆಯಿಂದಲೇ ವರ್ಷ ಎಣಿಸುತ್ತಾರೆ; ನನ್ನ ಬಾಡಿಗೆ ಕರಾರಿನ ಮೇಲೂ ಹಾಗೇ ಅಚ್ಚಾಗಿತ್ತು. ನಾನು ಸೇರಿದಾಗ ಬೋರ್ಡಿನ ಮೇಲೆ ೧೮೮೬ ಎಂದಿತ್ತು.

ಮೊದಲ ದಿನವೇ ನಾನು ದಂಗಾಗಿಹೋದೆ. ಹದಿನೆಂಟನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದ ಈ ಮಹಾರಾಜ ಕಬ್ಬಿಣದ ಮಂಚದ ಮೇಲೆ ಮಲಗುತ್ತಿದ್ದ, ಕೋಳಿ ಕೂಗುವ ಮೊದಲೇ ಎದ್ದು ಮೇಜಿನ ಮುಂದೆ ಕೂತು ಕಡತಗಳಿಗೆ ಸಹಿ ಹಾಕುತ್ತಿದ್ದ. ಅರ್ಧ ಯೂರೋಪನ್ನು ಆಳಿದವನ ದಿನಚರಿ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತನದಕ್ಕಿಂತ ನೀರಸವಾಗಿತ್ತು. ಗುಮಾಸ್ತನಿಗಾದರೂ ಕಾಫಿಗೆ ಎದ್ದುಹೋಗುವ ಸ್ವಾತಂತ್ರ್ಯವಿದೆ. ಮೆಕ್ಸಿಕೋದಲ್ಲಿ ತಮ್ಮನನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟರು. ಈತ ಸಹಿ ಹಾಕಿದ. ಎರಡು ಯುದ್ಧ ಸೋತ, ಸಹಿ ಹಾಕಿದ. ಊಟಕ್ಕೆ ಕೂತರೆ ಗಬಗಬನೆ ತಿಂದು ಮುಗಿಸುತ್ತಿದ್ದನಂತೆ. ಅವನು ಫೋರ್ಕು ಕೆಳಗಿಟ್ಟ ಕೂಡಲೇ ಎಲ್ಲರ ತಟ್ಟೆಯನ್ನೂ ತೆಗೆಯಬೇಕೆಂಬ ನಿಯಮವಿದ್ದದ್ದರಿಂದ ಕೊನೆಯ ಸಾಲಿನವರು ಅರಮನೆಯ ಊಟ ಮುಗಿಸಿ ಹಸಿದುಕೊಂಡು ಹೋಟೆಲಿಗೆ ಹೋಗುತ್ತಿದ್ದರಂತೆ. ಮದುವೆಮನೆಯಲ್ಲಿ ಕೊನೆಯ ಪಂಕ್ತಿಗೆ ಕೂತು ಅಭ್ಯಾಸವಿರುವ ನನಗೆ ಆ ಆಸ್ಥಾನಿಕರ ಮೇಲೆ ಕೂಡಲೇ ಪ್ರೀತಿ ಹುಟ್ಟಿತು.

ಬಳಗದಲ್ಲಿ ಯಾರು ಏನೇ ಓದಲಿ, ಮುಗಿದ ಕೂಡಲೇ ಎಲ್ಲರೂ ತಲೆಬಾಗಿ ಒಂದೇ ಮಾತು ಹೇಳುತ್ತಿದ್ದರು: "ತುಂಬಾ ಕಲಿತಂತಾಯಿತು." ಚೆನ್ನಾಗಿ ಓದಿದರೂ ಅದೇ, ತೊದಲಿದರೂ ಅದೇ. ಇದೇನು ಹೀಗೆ ಎಂದು ಓನೋ-ಸಾನ್ ಹತ್ತಿರ ಕೇಳಿದೆ.

"ಚಕ್ರವರ್ತಿಯೂ ಹಾಗೇ ಅಲ್ಲವೆ, ಮೂರ್ತಿ-ಸಾನ್," ಎಂದರು ಅವರು. ವಿಯೆನ್ನಾದಲ್ಲಿ ಹೊಸ ಒಪೆರಾ ಭವನ ಕಟ್ಟಿದಾಗ ಅದು ನೆಲದಲ್ಲಿ ಹೂತುಹೋದ ಹಾಗಿದೆ ಎಂದು ಊರೆಲ್ಲ ಆಡಿಕೊಂಡಿತಂತೆ. ಚಕ್ರವರ್ತಿಯ ಬಾಯಿಂದಲೂ ಅಂಥದೇ ಮಾತು ಬಂತಂತೆ. ಕಟ್ಟಿದ ವಾಸ್ತುಶಿಲ್ಪಿಗಳಲ್ಲಿ ಒಬ್ಬ ನೇಣು ಹಾಕಿಕೊಂಡ. ಆವತ್ತಿನಿಂದ ಚಕ್ರವರ್ತಿ ಏನು ತೋರಿಸಿದರೂ "ಬಹಳ ಚೆನ್ನಾಗಿತ್ತು, ನನಗೆ ಬಹಳ ಸಂತೋಷವಾಯಿತು" ಎಂಬುದರ ಹೊರತು ತುಟಿ ಬಿಚ್ಚಲಿಲ್ಲ ಎಂದು ಕಥೆ.

ಓನೋ-ಸಾನ್ ಹೋದಲ್ಲೆಲ್ಲ ಬಗಲಲ್ಲಿ ಒಂದು ಉದ್ದನೆಯ ರಟ್ಟಿನ ಕೊಳವೆ ಇರುತ್ತಿತ್ತು. ಅದರೊಳಗೆ ಅವರೇ ಕೈಯಾರೆ ಬರೆದು ಬಣ್ಣ ತುಂಬಿದ ನಕ್ಷೆ. ೧೮೯೩ರಲ್ಲಿ ಚಕ್ರವರ್ತಿಯ ತಮ್ಮನ ಮಗ, ಅದೇ ಮುಂದೆ ಗುಂಡೇಟು ತಿಂದವನು, ಪ್ರಪಂಚ ಸುತ್ತುತ್ತ ಜಪಾನಿಗೂ ಬಂದಿದ್ದ. ಅವನು ಓಡಾಡಿದ ದಾರಿಯೆಲ್ಲ ಆ ನಕ್ಷೆಯಲ್ಲಿತ್ತು. ೧೮೯೩ರ ಸಭೆಯಲ್ಲಿ ಅದನ್ನು ಬಿಡಿಸಿ ಓದುವುದು ಅವರ ಪಾಲಿನ ಕೆಲಸ. ತಮ್ಮ ಮುತ್ತಜ್ಜಿ ಅವನನ್ನು ಕಣ್ಣಾರೆ ಕಂಡಿದ್ದಿರಬಹುದು ಎಂಬುದು ಓನೋ-ಸಾನ್ ಅವರ ಜೀವಮಾನದ ಹೆಮ್ಮೆ. "ಇನ್ನೇನು, ಐದಾರು ತಿಂಗಳು," ಎಂದು ನಾನು ಜುಲೈನಲ್ಲಿ, ೧೮೮೮ ಮುಗಿದ ದಿನ, ಅವರನ್ನು ಹುರಿದುಂಬಿಸಿದೆ. ಅವರು ನಕ್ಕರು. ಕೊಳವೆಯ ಮುಚ್ಚಳ ಸರಿಮಾಡಿಕೊಂಡರು.

ಆಗಸ್ಟ್ ಬಂತು. ಗ್ಯೋಟೋಕುವಿನ ಆಗಸ್ಟ್ ಎಂದರೆ ಯಾರೋ ನಿಮ್ಮನ್ನು ಇಡ್ಲಿ ಪಾತ್ರೆಯಲ್ಲಿಟ್ಟು ಮರೆತುಹೋದ ಹಾಗೆ. ಮರಗಳಲ್ಲಿ ಜೀರುಂಡೆಗಳು ಬೆಳಗಿನಿಂದ ಗರಗಸ ಎಳೆಯುತ್ತಿದ್ದವು. ನಾನು ಬೆವರು ಒರೆಸಿಕೊಂಡು ಕೋಣೆಗೆ ಬಂದು ಬೋರ್ಡು ನೋಡಿದೆ. ೧೮೮೯ ಇರಬೇಕಾದ ಕಡೆ ಮೊರಿತಾ-ಸಾನ್ ತಮ್ಮ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದರು: ೧೮೪೮.

ತಪ್ಪಿ ಬರೆದಿದ್ದಾರೆ ಎಂದುಕೊಂಡೆ. ಮೊರಿತಾ-ಸಾನ್ ಗಂಟಲು ಸರಿಮಾಡಿಕೊಂಡು, "ಡಿಸೆಂಬರ್ ತಿಂಗಳಲ್ಲಿ ಹದಿನೆಂಟು ವರ್ಷದ ಯುವಕನೊಬ್ಬ ಸಿಂಹಾಸನವೇರಿದ," ಎಂದು ಶುರುಮಾಡಿದರು. ಪಕ್ಕಕ್ಕೆ ತಿರುಗಿದೆ. ಐದಾರು ಬೋಳುತಲೆಗಳು ಬಾಗಿಕೊಂಡು ಟಿಪ್ಪಣಿ ಬರೆಯುತ್ತಿದ್ದವು, ಈ ಸಂಗತಿಯನ್ನು ಮೊದಲ ಬಾರಿ ಕೇಳುತ್ತಿರುವವರ ಹಾಗೆ. ಸಭೆ ಮುಗಿಯಿತು. "ತುಂಬಾ ಕಲಿತಂತಾಯಿತು," ಎಂದರು ಎಲ್ಲರೂ. ಭೂಕಂಪದಲ್ಲೂ ನನ್ನ ಎದೆ ಅಷ್ಟು ಹೊಡೆದುಕೊಂಡಿರಲಿಲ್ಲ.

ಓನೋ-ಸಾನ್ ನನ್ನನ್ನೂ, ಆಗಷ್ಟೇ ತನ್ನ ತರಗತಿ ಮುಗಿಸಿ ಬಂದ ಶಾರದೆಯನ್ನೂ ಮೂಲೆಯ ಕೊಂಬಿನಿ ಅಂಗಡಿಯ ಹತ್ತಿರ, ನೆರಳಿರುವ ಕಡೆ, ನಿಲ್ಲಿಸಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು. ಇದು ನಾಲ್ಕನೆಯ ಸುತ್ತು. ಮೂರು ಸಲವೂ ೧೮೮೮ಕ್ಕೆ ಬಂದು ಮತ್ತೆ ೧೮೪೮ಕ್ಕೆ ತಿರುಗಿದೆ. ೧೮೮೯ರ ಜನವರಿಯಲ್ಲಿ ಚಕ್ರವರ್ತಿಯ ಒಬ್ಬನೇ ಮಗ, ಮೂವತ್ತು ವರ್ಷದ ಯುವರಾಜ, ಬೇಟೆಯ ಬಂಗಲೆಯಲ್ಲಿ ತನ್ನ ಪ್ರಾಣ ತಾನೇ ತೆಗೆದುಕೊಂಡ.

"ಮೊರಿತಾ-ಸಾನ್ ಅವರಿಗೂ ಒಬ್ಬ ಮಗನಿದ್ದ," ಎಂದರು ಓನೋ-ಸಾನ್. "ಅದೇ ವಯಸ್ಸು. ಇಪ್ಪತ್ತು ವರ್ಷದ ಮೇಲಾಯಿತು. ದಯವಿಟ್ಟು ಇದನ್ನು ಕೇಳಿಲ್ಲವೆಂದುಕೊಳ್ಳಿ."

"ಅವರ ಹತ್ತಿರ ಯಾರೂ ಮಾತಾಡಿಲ್ಲವೆ?" ಎಂದೆ.

ಅವರು ನನ್ನನ್ನು ಗಾಬರಿಯಿಂದ ನೋಡಿದರು. "ಅಂಥ ಒರಟುತನ ಯಾರು ಮಾಡುತ್ತಾರೆ?"

ಹತ್ತು ವರ್ಷ ಆ ಮುದುಕರೆಲ್ಲ ಅದೇ ನಲವತ್ತೊಂದು ವರ್ಷಗಳ ಆಳ್ವಿಕೆಯನ್ನು ಸುತ್ತು ಹಾಕಿದ್ದರು, ಒಬ್ಬ ಮನುಷ್ಯನಿಗೆ ನೋವಾಗದಿರಲೆಂದು. ಅವರಲ್ಲಿ ಇಬ್ಬರು ಈ ನಡುವೆ ತೀರಿಯೂಹೋಗಿದ್ದರು, ಮೊದಲ ಮಹಾಯುದ್ಧವನ್ನು ಕಾಣದೆ. ಓನೋ-ಸಾನ್ ಎಂಬತ್ತಮೂರರ ಹೆಂಗಸು. ಇನ್ನೊಂದು ಸುತ್ತು ಮುಗಿಯುವಷ್ಟರಲ್ಲಿ ಏನಾಗುತ್ತದೋ ಅವರಿಗೇ ಗೊತ್ತಿರಲಿಲ್ಲ. ಆದರೂ ಕೊಳವೆ ಹಿಡಿದು ಬರುತ್ತಿದ್ದರು.

ನನ್ನ ಬೆರಗು ಒಂದು ಬಗೆಯದಾದರೆ ಶಾರದೆಯದು ಇನ್ನೊಂದು ಬಗೆಯದು. ಮನೆ ತಲುಪುವವರೆಗೂ ಅವಳು ಬಾಯಿ ಬಿಡಲಿಲ್ಲ. ಇದು ಸ್ವತಃ ಒಂದು ಐತಿಹಾಸಿಕ ಘಟನೆ. ಬಾಗಿಲು ಹಾಕಿದ ಮೇಲೆ ಕೇಳಿದಳು, "ಅಂದ್ರೆ ಇಪ್ಪತ್ತು ವರ್ಷದಿಂದ ಯಾರೂ ಅವ್ರನ್ನ ಮಾತಾಡಿಸ್ಕೊಂಡೇ ಬಂದಿಲ್ವಾ?"

"ಇಲ್ಲಿ ಹಾಗೆ ಕೇಳೋದು ಮರ್ಯಾದೆ ಅಲ್ಲ ಕಣೇ."

"ಕೇಳದೇ ಇರೋದು ಯಾವ ಸೀಮೆ ಮರ್ಯಾದೆ ರೀ?"

ಸಾವಾದ ಮನೆಗೆ ಹೋಗುವುದಕ್ಕೆ ನಮ್ಮಲ್ಲಿ ಬೇರೆ ಹೆಸರಿಲ್ಲ. ಮಾತಾಡಿಸಿಕೊಂಡು ಬರುವುದು ಎಂದೇ ಅನ್ನುತ್ತೇವೆ. ಹೋದವರು ಚಾಪೆಯ ಮೇಲೆ ಕೂತು, ಹೇಗಾಯಿತು, ಯಾವಾಗಾಯಿತು, ಆವತ್ತು ಊಟ ಮಾಡಿದ್ದರಾ ಎಂದೆಲ್ಲ ಕೇಳಬೇಕು. ಕಳಕೊಂಡವರು ಬಂದವರಿಗೆಲ್ಲ ಅದೇ ಕಥೆಯನ್ನು ಮೊದಲಿನಿಂದ ಹೇಳಬೇಕು. ನನ್ನ ಮಾವ ತೀರಿಕೊಂಡಾಗ ಶಾರದಾ ಆ ಬೆಳಗಿನ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದಳೆಂದರೆ, ವೈಕುಂಠ ಸಮಾರಾಧನೆಯ ಹೊತ್ತಿಗೆ ಅವಳು ಅಳದೆ ಹೇಳುವುದನ್ನು ಕಲಿತಿದ್ದಳು.

ಅದು ಓಬೋನ್ ದಿನಗಳು. ಹೋದ ಹಿರಿಯರು ಮನೆಗೆ ಬಂದುಹೋಗುತ್ತಾರೆಂದು ಜಪಾನಿನಲ್ಲಿ ನಂಬುವ ಕಾಲ, ನಮ್ಮ ಪಿತೃಪಕ್ಷದ ಹಾಗೆ. ಮರುದಿನ ಶಾರದಾ ಬಿಳಿ ಸೀರೆಯಲ್ಲದಿದ್ದರೂ ಮಾಸಲು ಬಣ್ಣದ ಕಾಟನ್ ಸೀರೆ ಉಟ್ಟು ಹೊರಟುನಿಂತಳು. ಕರೆಯದೆ ಯಾರ ಮನೆಗೂ ಹೋಗದ ದೇಶವದು. ನಾನು ಕಡೇಪಕ್ಷ ಸ್ಟೇಷನ್ನಿನ ಅಂಗಡಿಯಲ್ಲಿ ಒಂದು ಸ್ವೀಟ್ ಬಾಕ್ಸ್ ಕೊಳ್ಳೋಣ, ಇಲ್ಲಿ ಬರಿಗೈಲಿ ಹೋಗುವಂತಿಲ್ಲ ಎಂದೆ.

"ಸಾವಿನ ಮನೆಗೆ ಸ್ವೀಟ್ ಬಾಕ್ಸಾ? ನಿಮ್ಗೆ ತಲೆ ನೆಟ್ಟಗಿದ್ಯಾ?"

ಹೀಗೆ ನಾವು ಕರೆಯದೆ, ಬರಿಗೈಯಲ್ಲಿ, ಇಪ್ಪತ್ತು ವರ್ಷ ತಡವಾಗಿ ಮೊರಿತಾ-ಸಾನ್ ಮನೆಯ ಬೆಲ್ ಒತ್ತಿದೆವು.

ಬಾಗಿಲು ತೆಗೆದ ಮೊರಿತಾ-ಸಾನ್ ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಯುದ್ಧ ಘೋಷಣೆ ತಂದ ದೂತನನ್ನು ಚಕ್ರವರ್ತಿ ಹಾಗೆ ನೋಡಿರಬೇಕು. ಆದರೂ ಒಳಗೆ ಕರೆದರು. ಸಣ್ಣ ಮನೆ. ಮೂಲೆಯಲ್ಲಿ ಕಪ್ಪು ಮರದ ದೇವರ ಗೂಡು. ಅದರಲ್ಲಿ ಎರಡು ಫೋಟೋ, ಹೆಂಡತಿಯದು, ಮಗನದು. ಒಂದು ಸೌತೆಕಾಯಿಗೆ ಕಡ್ಡಿಯ ಕಾಲು ಚುಚ್ಚಿ ಕುದುರೆ ಮಾಡಿ ಇಟ್ಟಿದ್ದರು, ಹೋದವರು ಅದರ ಮೇಲೆ ಬೇಗ ಬರಲೆಂದು. ಶಾರದಾ ಅದರ ಮುಂದೆ ಕೂತು ಕೈಮುಗಿದಳು. ಆಮೇಲೆ ಮೊರಿತಾ-ಸಾನ್ ಕಡೆ ತಿರುಗಿ, ಮೂರು ತಿಂಗಳ ತನ್ನ ಜಪಾನೀ ಭಾಷೆಯಲ್ಲಿ, ಒಂದೊಂದೇ ಪದ ಹುಡುಕಿ ಕೇಳಿದಳು.

"ಹೆಸರು ಏನು?"

ಅವರು ನನ್ನನ್ನು ನೋಡಿದರು. ನಾನು ಸೌತೆಕಾಯಿಯನ್ನು ನೋಡಿದೆ.

"ಕೋಯಿಚಿ," ಎಂದರು ಕೊನೆಗೆ.

"ಕೋಯಿಚಿ-ಸಾನ್," ಎಂದಳು ಶಾರದಾ. "ಹೇಗಾಯಿತು?"

ಗೋಡೆಯಾಚೆ ಯಾರದೋ ಮನೆಯ ಟೀವಿಯಲ್ಲಿ ಬೇಸ್‌ಬಾಲ್ ನಡೆಯುತ್ತಿತ್ತು. ಮೊರಿತಾ-ಸಾನ್ ಎದ್ದುಹೋಗಿ ಬಾರ್ಲಿಯ ಚಹಾ ತಂದಿಟ್ಟರು. ಕೂತರು. ತಮ್ಮ ಎರಡೂ ಕೈಯನ್ನು ಮಂಡಿಯ ಮೇಲಿಟ್ಟುಕೊಂಡು ಅವನ್ನೇ ನೋಡಿದರು. ಸೂತಕ ಕಳೆದು ಬಹಳ ಕಾಲವಾಗಿದೆ, ಕುಡಿಯಬಹುದೆಂದು ತೀರ್ಮಾನಿಸಿ ಶಾರದಾ ಲೋಟ ಖಾಲಿ ಮಾಡಿದಳು. ಆಮೇಲೆ ಎದ್ದಳು. ಸಾವಿನ ಮನೆಯಿಂದ ಹೊರಡುವಾಗ ಹೋಗಿಬರುತ್ತೇವೆ ಎನ್ನಬಾರದು. ಹೇಳದೆ, ತಿರುಗಿ ನೋಡದೆ ಹೊರಟುಬಿಡಬೇಕು. ಜಪಾನಿನಲ್ಲಾದರೋ ತೊಂದರೆ ಕೊಟ್ಟೆವು, ಕ್ಷಮಿಸಿ ಎಂದು ಹೇಳದೆ ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ಮೊರಿತಾ-ಸಾನ್ ಬಾಗಿಲಲ್ಲಿ ನಡು ಬಗ್ಗಿಸಿ ನಿಂತು ನಮ್ಮ ಆ ಮಾತಿಗೆ ಕಾಯುತ್ತಿದ್ದರು. ಶಾರದಾ ನನ್ನ ತೋಳು ಹಿಡಿದು ಎಳೆದಳು. ರಸ್ತೆಯ ತಿರುವಿನಲ್ಲಿ ನಾನು ಶಾಸ್ತ್ರ ಮುರಿದು ಹಿಂತಿರುಗಿ ನೋಡಿದೆ. ಅವರು ಬಾಗಿಯೇ ಇದ್ದರು.

ಸೆಪ್ಟೆಂಬರ್ ಸಭೆ ರದ್ದಾಯಿತು. ಬಳಗದ ಚರಿತ್ರೆಯಲ್ಲೇ ಮೊದಲ ಬಾರಿ. ತಿಳಿಸಲು ಫೋನ್ ಮಾಡಿದ ಓನೋ-ಸಾನ್, "ಮೊರಿತಾ-ಸಾನ್ ಅವರಿಗೆ ಅನುಕೂಲವಿಲ್ಲವಂತೆ," ಎಂದಷ್ಟೇ ಹೇಳಿದರು. ನಾವು ಹೋಗಿದ್ದು ಅವರಿಗೆ ಗೊತ್ತಾಗಿತ್ತೆಂದು ಅವರ ವಿನಯ ಹೆಚ್ಚಾದದ್ದರಿಂದ ತಿಳಿಯಿತು. ಅಕ್ಟೋಬರ್ ಸಭೆಯೂ ರದ್ದಾಯಿತು. ಎರಡು ತೂಫಾನು ಬಂದುಹೋದವು. ದಾರಿಯಲ್ಲಿ ಸಿಕ್ಕ ಓನೋ-ಸಾನ್ ಕೈಯಲ್ಲಿ ಆವತ್ತು ಕೊಳವೆ ಇರಲಿಲ್ಲ, ತರಕಾರಿ ಚೀಲವಿತ್ತು. ನನಗೆ ಅದನ್ನು ನೋಡಲಾಗಲಿಲ್ಲ.

"ಎರಡು ವಿಶ್ವಯುದ್ಧ ಬೇಕಾಗಿತ್ತು ಒಂದು ಸಾಮ್ರಾಜ್ಯ ಬೀಳಿಸೋಕೆ," ಎಂದೆ ಶಾರದೆಗೆ. "ನೀನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿದೆ."

"ಒಂದೇ ಯುದ್ಧ ರೀ. ನೀವೇ ಹೇಳಿದ್ರಿ, ಆಸ್ಟ್ರಿಯಾದ್ದು ಮೊದಲನೇದ್ರಲ್ಲೇ ಹೋಯ್ತು ಅಂತ," ಎಂದಳು. ಆದರೆ ಅವಳೂ ಆ ದಿನಗಳಲ್ಲಿ ಫೋನ್ ಬಂದಾಗೆಲ್ಲ ಬೆಚ್ಚುತ್ತಿದ್ದಳು. ಒಮ್ಮೆ ತರಕಾರಿ ಹೆಚ್ಚುತ್ತ, "ತಪ್ಪು ಮಾಡಿದ್ನಾ?" ಎಂದು ಕೇಳಿದಳು. ನಾನು ಚಕ್ರವರ್ತಿಯ ದಾರಿ ಹಿಡಿದು, ಸಾರು ಬಹಳ ಚೆನ್ನಾಗಿತ್ತು ಎಂದೆ.

ನವೆಂಬರಿನಲ್ಲಿ ಸಭೆ ಇದೆ ಎಂದು ಸಂದೇಶ ಬಂತು, ಇಬ್ಬರೂ ಬರಬೇಕಂತೆ. ಕಟ್ಟಡದ ಮುಂದಿನ ಗಿಂಕೋ ಮರಗಳು ಹಳದಿಯಾಗಿದ್ದವು. ಬಳಗವನ್ನು ಮುಚ್ಚುವ ಘೋಷಣೆ, ನಮ್ಮಿಬ್ಬರ ಸಮಕ್ಷಮದಲ್ಲಿ, ಎಂದು ನಾನು ಸಿದ್ಧನಾಗಿಯೇ ಹೋದೆ. ಶಾರದಾ ಹಿಂದೆ ಗೋಡೆಗೊರಗಿ ಕೂತಳು. ಮೊರಿತಾ-ಸಾನ್ ಕೋಟು ಹಾಕಿ ಟೈ ಕಟ್ಟಿ ಬಂದರು. ಯಾರನ್ನೂ ನೋಡದೆ ಬೋರ್ಡಿಗೆ ಹೋಗಿ ಬರೆದರು: ೧೮೮೯.

ಓನೋ-ಸಾನ್ ಮಡಿಲಿನಿಂದ ಕೊಳವೆ ಜಾರಿ ಬಿತ್ತು. ಚಾಪೆಯ ಮೇಲೆ ಉರುಳಿಕೊಂಡು ಹೋಗಿ ಗೋಡೆಗೆ ತಾಗಿ ನಿಂತಿತು. ಯಾರೂ ಎತ್ತಿಕೊಡಲಿಲ್ಲ.

ಮೊರಿತಾ-ಸಾನ್ ಎಂದಿನ ದನಿಯಲ್ಲೇ ಓದಿದರು. ಜನವರಿ ತಿಂಗಳು. ಬೇಟೆಯ ಬಂಗಲೆ. ಯುವರಾಜನ ಜೊತೆ ಒಬ್ಬ ಹುಡುಗಿಯೂ ಸತ್ತಿದ್ದಳು. ಸುದ್ದಿ ಮೊದಲು ತಲುಪಿದ್ದು ತಾಯಿಗೆ. ಚಕ್ರವರ್ತಿಗೆ ಹೇಳಿದವಳು ಅವಳೇ.

"ಯುವರಾಜರು ಹೃದಯಾಘಾತದಿಂದ ತೀರಿಕೊಂಡರೆಂದು ಅರಮನೆ ಮೊದಲು ಪ್ರಕಟಿಸಿತು," ಎಂದು ಓದಿ ನಿಲ್ಲಿಸಿದರು. ಕನ್ನಡಕ ತೆಗೆದರು. "ನಮ್ಮ ಮನೆಯಿಂದಲೂ ಅದೇ ಪ್ರಕಟಣೆ ಹೊರಟಿತ್ತು."

ನನ್ನ ಪಕ್ಕದ ಮುದುಕರ ಪೆನ್ಸಿಲು ಕಾಗದದ ಮೇಲೆ ನಿಂತಲ್ಲೇ ನಿಂತಿತ್ತು.

"ಚಕ್ರವರ್ತಿ ಮತ್ತೆ ಮೇಜಿಗೆ ಹೋಗಿ ಕೂತ," ಎಂದರು ಮೊರಿತಾ-ಸಾನ್. "ನಾನು ಮೂರನೆಯ ದಿನ ಆಫೀಸಿಗೆ ಹೋದೆ. ಎಲ್ಲರೂ ಎಂದಿನಂತೆ ನಮಸ್ಕಾರ ಹೇಳಿದರು. ಬಹಳ ಒಳ್ಳೆಯ ಜನ. ಆಮೇಲೆ ಆ ಮನುಷ್ಯ ಅಷ್ಟು ವರ್ಷ ಹೇಗೆ ಬದುಕಿದ ಎಂದು ತಿಳಿಯಬೇಕಾಗಿತ್ತು. ಅದಕ್ಕೇ ಈ ಬಳಗ ಕಟ್ಟಿದೆ. ಈ ವರ್ಷಕ್ಕೆ ಬಂದಾಗೆಲ್ಲ ಮುಂದೆ ಓದಲು ಆಗಲಿಲ್ಲ. ನಿಮ್ಮೆಲ್ಲರ ಕಾಲವನ್ನು ವ್ಯರ್ಥ ಮಾಡಿದೆ. ಕ್ಷಮಿಸಬೇಕು."

ನೆಲಕ್ಕೆ ಹಣೆ ಮುಟ್ಟುವಷ್ಟು ಬಾಗಿದರು.

ಈಗ ಎಲ್ಲರೂ ಆ ಒಂದು ಮಾತು ಹೇಳಬೇಕಾಗಿತ್ತು. ಹೇಳುವುದು ಹೇಗೆ? ಹತ್ತು ವರ್ಷ ತಪ್ಪದೆ ನಡೆದ ಯಂತ್ರ ಕೆಟ್ಟು ನಿಂತಿತ್ತು. ಆಗ ಹಿಂದಿನಿಂದ ಶಾರದೆಯ ದನಿ ಕೇಳಿತು, ಹರಕು ಜಪಾನಿಯಲ್ಲಿ:

"ಆಮೇಲೆ?"

ನಾನು ಕಣ್ಣು ಮುಚ್ಚಿಕೊಂಡೆ.

"ಆಮೇಲೆ," ಎಂದರು ಮೊರಿತಾ-ಸಾನ್, ತಲೆಯೆತ್ತಿ, "ಇನ್ನೂ ಇಪ್ಪತ್ತೇಳು ವರ್ಷ. ಮುಂದಿನ ತಿಂಗಳು ಓದೋಣ."

ಸಭೆ ಮುಗಿದ ಮೇಲೆ ಅವರು ಶಾರದೆಯ ಹತ್ತಿರ ಬಂದರು. "ಆಗಸ್ಟಿನಲ್ಲಿ ನೀವು ಕೇಳಿದ್ದಕ್ಕೆ ಉತ್ತರ ಹೇಳಿರಲಿಲ್ಲ," ಎಂದರು. ಇಬ್ಬರೂ ಕೆಳಗೆ ಗಿಂಕೋ ಮರದಡಿಯ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದರು. ಅವಳಿಗೆ ಅರ್ಧ ಅರ್ಥವಾಗಿರಬೇಕು, ಅರ್ಧ ಇಲ್ಲ. ನಾನು ದೂರದಲ್ಲಿ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಂತು ನೋಟೀಸ್ ಬೋರ್ಡನ್ನು ಓದುತ್ತಿದ್ದೆ. 'ಕಸ ವಿಂಗಡಿಸುವ ಕ್ರಮ' ಎಂಬ ಸೂಚನೆ ನನಗೆ ಈಗಲೂ ಬಾಯಿಪಾಠ. ಮೊರಿತಾ-ಸಾನ್ ಏನು ಹೇಳಿದರೆಂದು ಅವಳು ನನಗೆ ತಿಳಿಸಿಲ್ಲ. ನಾನೂ ಕೇಳಿಲ್ಲ. ಆ ಹೊತ್ತಿಗೆ ನಾನು ಅಷ್ಟರಮಟ್ಟಿಗೆ ಜಪಾನಿನವನಾಗಿದ್ದೆ.

ಮಾರ್ಚಿನಲ್ಲಿ, ನಾವು ಊರಿಗೆ ಹೊರಡುವ ತಿಂಗಳು, ಬೋರ್ಡಿನ ಮೇಲೆ ೧೮೯೩ ಬಂತು. ಓನೋ-ಸಾನ್ ನಕ್ಷೆ ಬಿಡಿಸಿದರು. ವರ್ಷಗಟ್ಟಲೆ ಸುತ್ತಿಟ್ಟದ್ದರಿಂದ ಅದು ಮತ್ತೆ ಮತ್ತೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ನಾಲ್ಕು ಮೂಲೆಗೆ ನಾಲ್ಕು ಚಹಾ ಲೋಟ ಇಡಬೇಕಾಯಿತು. ಪೂರ್ತಿ ಎರಡು ಗಂಟೆ ಓದಿದರು. ಮುತ್ತಜ್ಜಿ ಆತನನ್ನು ನೋಡಿರಲಿಲ್ಲವೆಂದು ಕೊನೆಯಲ್ಲಿ ಒಪ್ಪಿಕೊಂಡರು. ಆತ ಬಂದ ದಿನ ಆಕೆ ತವರಿಗೆ ಹೋಗಿದ್ದಳಂತೆ. ತುಂಬಾ ಕಲಿತಂತಾಯಿತು ಎಂದೆವು ಎಲ್ಲರೂ.

ಆಮೇಲಿನದು ಓನೋ-ಸಾನ್ ಶಾರದೆಗೆ ಕಳಿಸುತ್ತಿದ್ದ ಸಂದೇಶಗಳಿಂದ ತಿಳಿದದ್ದು. ಚಕ್ರವರ್ತಿಯ ಹೆಂಡತಿಯನ್ನು ಜಿನೀವಾದ ಸರೋವರದ ದಂಡೆಯಲ್ಲಿ ಒಬ್ಬ ಇರಿದು ಕೊಂದ ವರ್ಷವನ್ನು ಓದಿದರು. ತಮ್ಮನ ಮಗನಿಗೆ ಗುಂಡು ಬಿದ್ದ ವರ್ಷವನ್ನೂ, ಯುದ್ಧದ ಮೊದಲ ವರ್ಷಗಳನ್ನೂ ಓದಿದರು. ೧೯೧೬ರ ನವೆಂಬರಿನಲ್ಲಿ ಚಕ್ರವರ್ತಿ ಎಂಬತ್ತಾರನೆಯ ವಯಸ್ಸಿನಲ್ಲಿ, ಆ ದಿನವೂ ಕಡತಗಳನ್ನು ನೋಡಿ, ರಾತ್ರಿ ತೀರಿಕೊಂಡ. ಅದನ್ನು ಓದಿದ ಸಭೆಗೂ ಮೊರಿತಾ-ಸಾನ್ ಹಾಜರಿದ್ದರು; ಬೋರ್ಡಿನ ಮೇಲೆ ೧೯೧೬ ಎಂದು ಬರೆದವರು ಅವರೇ.